ಅಳಿದ ಮಕ್ಕಳು ಉಳಿಸಿದ ಮಕ್ಕಳು

ಮಗುವಿನ ರಕ್ತದಲ್ಲಿ ಕ್ಯಾನ್ಸರ್ ಸೇರಿದೆಯೆಂಬ ಮಾತು ಕಿವಿಗೆ ಬಿದ್ದಾಗ ತಾಯಿತಂದೆಗಳಿಗೆ ಲೋಕವೇ ಕತ್ತಲುಗವಿದಂತಾಗುವುದು ಸಹಜ. ಆ ಕತ್ತಲೆಯಲ್ಲಿ ಇನ್ನೂ ಕಣ್ಣು ಹೊಂದಿಕೊಳ್ಳುವ ಮೊದಲೇ ವೈದ್ಯರು, “ಈ ಕಾಯಿಲೆಗೆ ಎರಡು ಬಗೆಯ ಚಿಕಿತ್ಸೆಗಳನ್ನು ಹೋಲಿಸಿ ನೋಡುವ ಪರೀಕ್ಷೆಯೊಂದು ನಡೆಯುತ್ತಿದೆ. ನಿಮ್ಮ ಮಗುವನ್ನು ಅದರಲ್ಲಿ ಸೇರಿಸಲು ಒಪ್ಪುವಿರಾ?” ಎಂದು ಕೇಳಿದರೆ ಅವರ ಮನಸ್ಸಿನಲ್ಲಿ ಏಳುವ ಮೊದಲ ಮಾತು ಬಹುಶಃ ಒಂದೇ: “ನಮ್ಮ ಕೂಸನ್ನು ಪ್ರಯೋಗಕ್ಕೆ ಒಡ್ಡುವುದೇ?”

ಈ ಪ್ರಶ್ನೆಯಲ್ಲಿ ಅಜ್ಞಾನವೇನೂ ಇಲ್ಲ. ಅದು ಹೆತ್ತ ಕರುಳಿನ ಪ್ರಶ್ನೆ. ಅದಕ್ಕೆ ತಕ್ಕ ಉತ್ತರ ಬೇಕಾದರೆ ಈ ರೋಗದ ಚಿಕಿತ್ಸೆ ಬೆಳೆದು ಬಂದ ಎಪ್ಪತ್ತೈದು ವರ್ಷಗಳ ಚರಿತ್ರೆಯನ್ನು ಒಮ್ಮೆ ತಿರುವಿಹಾಕಬೇಕು. 1947ಕ್ಕೆ ಮೊದಲು ಈ ಕಾಯಿಲೆ ಹಿಡಿದ ಮಗುವಿಗೆ ಸಾವು ನಿಶ್ಚಿತವಾಗಿತ್ತು. ಇಂದು ಮುಂದುವರಿದ ದೇಶಗಳಲ್ಲಿ ಇದರ ಅತಿ ಸಾಮಾನ್ಯವಾದ ಬಗೆಗೆ ತುತ್ತಾದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಂದಿ ಗುಣಹೊಂದಿ ಬೆಳೆದು ದೊಡ್ಡವರಾಗುತ್ತಾರೆ. ಈ ಮಹತ್ತರ ಬದಲಾವಣೆಯನ್ನು ತಂದದ್ದು ಯಾವುದೋ ಒಂದು ಸಂಜೀವಿನಿಯಲ್ಲ. ಕ್ಲಿನಿಕಲ್ ಟ್ರಯಲ್, ಅಂದರೆ ಚಿಕಿತ್ಸಾ ಪರೀಕ್ಷೆ, ಎಂಬ ಒಂದು ಶಿಸ್ತು ಅದನ್ನು ತಂದಿತು.

ಕೆಲವು ವಾರಗಳ ಆಯುಷ್ಯ

ನಮ್ಮ ಮೂಳೆಗಳ ಒಳಗಿನ ಮಜ್ಜೆಯೇ ರಕ್ತಕಣಗಳ ತವರು. ದೇಹಕ್ಕೆ ಪ್ರಾಣವಾಯುವನ್ನು ಹೊರುವ ಕೆಂಪು ಕಣಗಳು, ರೋಗಾಣುಗಳೊಡನೆ ಹೋರಾಡುವ ಬಿಳಿಯ ಕಣಗಳು, ಗಾಯದ ರಕ್ತವನ್ನು ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು, ಇವೆಲ್ಲವೂ ಅಲ್ಲಿಯೇ ಹುಟ್ಟುತ್ತವೆ. ಲ್ಯುಕೇಮಿಯ ರೋಗದಲ್ಲಿ ಬಲಿಯದ ಬಿಳಿಯ ಕಣಗಳು ಎಲ್ಲೆಮೀರಿ ಹೆಚ್ಚುತ್ತ ಹೋಗುತ್ತವೆ. ಪೈರಿನ ನಡುವೆ ಕಳೆ ಹಬ್ಬಿದಂತೆ ಅವು ಮಜ್ಜೆಯನ್ನೆಲ್ಲ ಆಕ್ರಮಿಸಿದಾಗ ಒಳ್ಳೆಯ ಕಣಗಳಿಗೆ ಎಡೆಯಿಲ್ಲದಾಗುತ್ತದೆ. ಮಗು ಬಿಳಿಚಿಕೊಳ್ಳುತ್ತದೆ, ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆಗಳೇಳುತ್ತವೆ, ಜ್ವರ ಬಿಡುವುದಿಲ್ಲ. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲೆಲ್ಲ ಹೆಚ್ಚಾಗಿ ಕಾಣುವುದು ಈ ರೋಗದ ಒಂದು ಬಗೆ. ಅದಕ್ಕೆ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯ ಎಂದು ಹೆಸರು.

ಗಡ್ಡೆಯ ರೂಪದ ಕ್ಯಾನ್ಸರನ್ನು ಶಸ್ತ್ರದಿಂದ ಕತ್ತರಿಸಿ ತೆಗೆಯಬಹುದು, ಇಲ್ಲವೆ ಕಿರಣಗಳಿಂದ ಸುಡಬಹುದು. ರಕ್ತದೊಡನೆ ಮೈಯೆಲ್ಲ ಹರಿಯುವ ಕ್ಯಾನ್ಸರನ್ನು ಕತ್ತರಿಸುವುದೆಲ್ಲಿ? ಆದ್ದರಿಂದ 1940ರ ದಶಕದ ವೈದ್ಯರು ರಕ್ತ ಕೊಟ್ಟು, ನೋವು ಶಮನ ಮಾಡಿ, ಮಗು ಕಣ್ಮುಚ್ಚುವವರೆಗೆ ಕಾಯುತ್ತಿದ್ದರು. ಆ ಕಾಯುವಿಕೆ ಕೆಲವು ವಾರಗಳದು, ಹೆಚ್ಚೆಂದರೆ ಕೆಲವು ತಿಂಗಳುಗಳದು.

ಭೀಮಾವರದಿಂದ ಬಾಸ್ಟನ್ನಿಗೆ

ಈ ಕತ್ತಲೆಯಲ್ಲಿ ಮೊದಲ ಬೆಳಕಿನ ಕಿಡಿ ಹೊತ್ತಿದ್ದು ಅಮೆರಿಕದ ಬಾಸ್ಟನ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ. ಆದರೆ ಆ ಕಿಡಿಯ ಮೂಲವನ್ನು ಹುಡುಕಹೊರಟರೆ ದಾರಿ ಎರಡು ಸಲ ಭಾರತದ ಮೂಲಕ ಹಾದುಹೋಗುತ್ತದೆ.

1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಗೆ ಬಂದರು. ಬಸುರಿ ಹೆಂಗಸರಲ್ಲಿ, ಅದರಲ್ಲಿಯೂ ಬಟ್ಟೆಯ ಗಿರಣಿಗಳ ಬಡ ಕೂಲಿ ಹೆಂಗಸರಲ್ಲಿ, ಕಾಣುತ್ತಿದ್ದ ಘೋರವಾದ ರಕ್ತಹೀನತೆಗೆ ಕಾರಣವನ್ನು ಹುಡುಕುವುದು ಅವರ ಕೆಲಸವಾಗಿತ್ತು. ಯೀಸ್ಟಿನ ಸಾರದಿಂದ ಆ ರಕ್ತಹೀನತೆ ವಾಸಿಯಾಗುವುದನ್ನು ಅವರು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ಅಜ್ಞಾತ ಸತ್ವವೇ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು. ರಕ್ತಕಣಗಳು ಹುಟ್ಟಿ ಹೆಚ್ಚಬೇಕಾದರೆ ಇದು ಬೇಕೇ ಬೇಕು.

ಎರಡನೆಯ ಹೆಸರು ಯಲ್ಲಾಪ್ರಗಡ ಸುಬ್ಬರಾವ್ ಅವರದು. 1895ರಲ್ಲಿ ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಇವರು ಬಡತನದಲ್ಲಿ ಬೆಳೆದು, ಮದರಾಸಿನಲ್ಲಿ ವೈದ್ಯ ಶಿಕ್ಷಣವನ್ನು ಮುಗಿಸಿ, ಅಮೆರಿಕಕ್ಕೆ ತೆರಳಿದರು. ಇವರ ಇಬ್ಬರು ಸೋದರರು ಸ್ಪ್ರೂ ಎಂಬ ಕರುಳಿನ ಬೇನೆಗೆ ಬಲಿಯಾಗಿದ್ದರು. ಆ ಬೇನೆಗೂ ಫೋಲಿಕ್ ಆಮ್ಲದ ಕೊರತೆಗೂ ಹತ್ತಿರದ ನಂಟು. 1940ರಲ್ಲಿ ಲೆಡರ್ಲೆ ಔಷಧಾಲಯವನ್ನು ಸೇರಿದ ಸುಬ್ಬರಾಯರ ತಂಡ ಫೋಲಿಕ್ ಆಮ್ಲವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿತು. ಅಷ್ಟಕ್ಕೆ ನಿಲ್ಲದೆ, ರೂಪದಲ್ಲಿ ಫೋಲಿಕ್ ಆಮ್ಲವನ್ನೇ ಹೋಲುತ್ತ, ಅದರ ಕೆಲಸಕ್ಕೆ ಮಾತ್ರ ಅಡ್ಡಿಯಾಗುವ ವಸ್ತುಗಳನ್ನೂ ಸೃಷ್ಟಿಸಿತು. ಬೀಗದಲ್ಲಿ ಹೊಕ್ಕು ಅಲ್ಲಿಯೇ ಸಿಕ್ಕಿಕೊಂಡು, ನಿಜವಾದ ಕೀಲಿಕೈಗೆ ಎಡೆಗೊಡದಿರುವ ಕಳ್ಳ ಕೀಲಿಕೈಯಂತಹವು ಇವು.

ಬಾಸ್ಟನ್ನಿನಲ್ಲಿ ಸಿಡ್ನಿ ಫಾರ್ಬರ್ ಎಂಬವರು ಮಕ್ಕಳ ಆಸ್ಪತ್ರೆಯ ರೋಗನಿದಾನ ತಜ್ಞರಾಗಿದ್ದರು. ಸತ್ತ ಮಕ್ಕಳ ದೇಹವನ್ನು ಪರೀಕ್ಷಿಸಿ ಕಾರಣ ಬರೆಯುವುದು ಅವರ ವೃತ್ತಿ. ರಕ್ತಹೀನತೆಗೆ ಒಳ್ಳೆಯದಾದ ಫೋಲಿಕ್ ಆಮ್ಲ ಲ್ಯುಕೇಮಿಯಕ್ಕೂ ಒಳ್ಳೆಯದಾಗಬಹುದೆಂದು ಅವರು ಮೊದಲು ಅದರ ಸಂಯುಕ್ತಗಳನ್ನು ಕೆಲವು ಮಕ್ಕಳಿಗೆ ಕೊಡಿಸಿದರು. ಫಲ ವಿಪರೀತವಾಯಿತು. ರೋಗ ಇಳಿಯುವ ಬದಲು ಮತ್ತಷ್ಟು ವೇಗವಾಗಿ ಬೆಳೆದಂತೆ ಕಂಡಿತು. ಇದು ಭೀಕರವಾದ ಪಾಠ. ಆದರೆ ಫಾರ್ಬರ್ ಅದನ್ನು ಮುಚ್ಚಿಡಲಿಲ್ಲ. ಫೋಲಿಕ್ ಆಮ್ಲ ರೋಗಕ್ಕೆ ಆಹಾರವಾಗುವುದಾದರೆ, ಆ ಆಹಾರವನ್ನು ತಡೆದರೆ ರೋಗ ಸೊರಗಬೇಕಲ್ಲವೆ ಎಂದು ಯೋಚಿಸಿದರು. ಸುಬ್ಬರಾಯರ ತಂಡದಿಂದ ಅಮಿನೋಪ್ಟೆರಿನ್ ಎಂಬ ‘ಕಳ್ಳ ಕೀಲಿಕೈ’ಯನ್ನು ತರಿಸಿಕೊಂಡು 1947ರ ಕೊನೆಯಲ್ಲಿ ಮಕ್ಕಳಿಗೆ ಕೊಡತೊಡಗಿದರು.

1948ರ ಜೂನ್ 3ರಂದು ಅವರ ವರದಿ ಅಚ್ಚಾಯಿತು. ಔಷಧ ಪಡೆದ ಮಕ್ಕಳು 16. ಅವರಲ್ಲಿ 10 ಮಕ್ಕಳ ಸ್ಥಿತಿ ಸುಧಾರಿಸಿತ್ತು. ಹಾಸಿಗೆ ಹಿಡಿದಿದ್ದ ಮಕ್ಕಳು ಎದ್ದು ಓಡಾಡಿದವು. ಆದರೆ ಸುಧಾರಣೆ ತಾತ್ಕಾಲಿಕವೆಂದು ಫಾರ್ಬರ್ ಸ್ಪಷ್ಟವಾಗಿ ಬರೆದರು. ಕೆಲವೇ ತಿಂಗಳಲ್ಲಿ ರೋಗ ಮರುಕಳಿಸುತ್ತಿತ್ತು. ಸುಬ್ಬರಾಯರಾದರೋ ಅದೇ ವರ್ಷ ಆಗಸ್ಟಿನಲ್ಲಿ, ತಮ್ಮ 53ನೆಯ ವಯಸ್ಸಿನಲ್ಲಿ, ತೀರಿಕೊಂಡರು. ತಮ್ಮ ಕೈಯ ಕೆಲಸದಿಂದ ಬೆಳೆಯಲಿದ್ದ ಮರದ ಫಲವನ್ನು ಅವರು ಕಾಣಲಿಲ್ಲ.

ಒಂದು ಅಗುಳಿನ ಲೆಕ್ಕ ಸಲ್ಲದು

ಒಂದು ಅಗುಳನ್ನು ಹಿಚುಕಿ ನೋಡಿದರೆ ಅನ್ನ ಬೆಂದಿದೆಯೋ ಇಲ್ಲವೋ ತಿಳಿಯುತ್ತದೆಂಬುದು ನಮ್ಮ ಅಡಿಗೆಮನೆಗಳ ಅನುಭವ. ಒಂದೇ ಪಾತ್ರೆಯ ಅಗುಳುಗಳೆಲ್ಲ ಒಂದೇ ಬಗೆಯಾದ್ದರಿಂದ ಅಲ್ಲಿ ಈ ಲೆಕ್ಕ ಸಲ್ಲುತ್ತದೆ. ಮನುಷ್ಯ ದೇಹದ ವಿಷಯದಲ್ಲಿ ಅದು ಸಲ್ಲದು. ಒಂದು ಮಗುವಿನ ರೋಗ ಮೆಲ್ಲಗೆ ನಡೆದರೆ ಇನ್ನೊಂದರದು ನಾಗಾಲೋಟ. ಒಂದಕ್ಕೆ ಹಿಡಿಸಿದ ಮದ್ದು ಇನ್ನೊಂದಕ್ಕೆ ಹಿಡಿಸದು. ಒಬ್ಬ ವೈದ್ಯರು ಹೊಸ ಔಷಧವನ್ನು ತಮಗೆ ಆಶೆ ಹುಟ್ಟಿಸಿದ ಮಕ್ಕಳಿಗೆ ಮಾತ್ರ ಕೊಟ್ಟರೆ, ಬದುಕಿದ್ದು ಔಷಧದ ಗುಣದಿಂದಲೋ ಮಗುವಿನ ಗಟ್ಟಿತನದಿಂದಲೋ ಹೇಳುವವರಾರು?

ಈ ತೊಡಕಿಗೆ ದಾರಿ ತೋರಿದ ಪರೀಕ್ಷೆಯೊಂದು 1948ರಲ್ಲೇ ಬ್ರಿಟನ್ನಿನಿಂದ ಪ್ರಕಟವಾಯಿತು. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಔಷಧದ ಗುಣವನ್ನು ಅಳೆಯಲು ಬ್ರ್ಯಾಡ್‌ಫೋರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು 107 ರೋಗಿಗಳನ್ನು ಎರಡು ಗುಂಪುಗಳಾಗಿ ಹಂಚಿಸಿದರು. ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯರ ಇಷ್ಟಕ್ಕೂ ಬಿಡಲಿಲ್ಲ, ರೋಗಿಯ ಇಷ್ಟಕ್ಕೂ ಬಿಡಲಿಲ್ಲ. ಚೀಟಿ ಎತ್ತಿದಂತೆ ಆಕಸ್ಮಿಕಕ್ಕೆ ಬಿಟ್ಟರು. ಹೀಗೆ ಹಂಚಿದಾಗ ಗಟ್ಟಿಮುಟ್ಟಾದವರೂ ದುರ್ಬಲರೂ ಎರಡು ಕಡೆಗೂ ಸರಿಸುಮಾರಾಗಿ ಸೇರುತ್ತಾರೆ. ಆಮೇಲೆ ಕಾಣುವ ವ್ಯತ್ಯಾಸ ಔಷಧದ್ದೇ ಎಂದು ಧೈರ್ಯವಾಗಿ ಹೇಳಬಹುದು.

ಮಗುವಿನ ಚಿಕಿತ್ಸೆಯನ್ನು ಚೀಟಿಯಿಂದ ನಿರ್ಣಯಿಸುವುದು ಮೇಲುನೋಟಕ್ಕೆ ಕ್ರೂರವಾಗಿ ಕಾಣುತ್ತದೆ. ಆದರೆ ಇದರ ನೈತಿಕ ಬುನಾದಿ ಒಂದು ಪ್ರಾಮಾಣಿಕವಾದ ತಪ್ಪೊಪ್ಪಿಗೆಯಂತಿದೆ. ‘ಎರಡರಲ್ಲಿ ಯಾವುದು ಮೇಲೆಂದು ನಮಗೆ ನಿಜವಾಗಿಯೂ ಗೊತ್ತಿಲ್ಲ’ ಎಂದು ವೈದ್ಯಲೋಕ ಒಪ್ಪಿಕೊಂಡಾಗ ಮಾತ್ರ ಚೀಟಿ ಎತ್ತುವುದು ನ್ಯಾಯ. ಗೊತ್ತಿದ್ದೂ ಎತ್ತಿದರೆ ಅದು ದ್ರೋಹ. ಗೊತ್ತಿಲ್ಲದೆಯೂ ಗೊತ್ತಿದ್ದವರಂತೆ ನಟಿಸಿ ತೋಚಿದ ಮದ್ದನ್ನು ಕೊಟ್ಟರೆ ಅದೂ ದ್ರೋಹವೇ.

ಇಪ್ಪತ್ತೊಂದು ಜೋಡಿ

ಫಾರ್ಬರರ ವರದಿಯ ಮೂರು ವರ್ಷಗಳ ಅನಂತರ ಎರಡನೆಯ ಆಯುಧವೊಂದು ದೊರೆಯಿತು. ಹೆಣ್ಣೆಂಬ ಕಾರಣಕ್ಕೆ ಪ್ರಯೋಗಶಾಲೆಗಳ ಬಾಗಿಲುಗಳು ಮುಚ್ಚಿದ್ದ ಕಾಲದಲ್ಲಿ ಹಟದಿಂದ ಒಳಹೊಕ್ಕ ಗರ್ಟ್ರೂಡ್ ಎಲಿಯನ್ ಅವರು ಜಾರ್ಜ್ ಹಿಚಿಂಗ್ಸ್ ಅವರೊಡನೆ ದುಡಿದು 1951ರಲ್ಲಿ ಮರ್ಕ್ಯಾಪ್ಟೊಪ್ಯೂರಿನ್ ಎಂಬ ಔಷಧವನ್ನು ತಯಾರಿಸಿದರು. 1953ರಲ್ಲಿ ಅದಕ್ಕೆ ಅಮೆರಿಕ ಸರಕಾರದ ಒಪ್ಪಿಗೆ ಸಿಕ್ಕಿತು. 1988ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಬಂದಿತು. ಎಲಿಯನ್ ಅವರು ಡಾಕ್ಟರೇಟ್ ಪದವಿಯನ್ನು ವ್ಯಾಸಂಗ ಮಾಡಿ ಪಡೆದವರೇ ಅಲ್ಲ.

ಈ ಔಷಧ ರೋಗವನ್ನು ತಗ್ಗಿಸುತ್ತದೆಂಬುದು ತಿಳಿದಿತ್ತು. ಬೇರೊಂದು ಪ್ರಶ್ನೆ ಉಳಿದಿತ್ತು. ಪ್ರೆಡ್ನಿಸೋನ್ ಎಂಬ ಸ್ಟೆರಾಯ್ಡ್ ಮದ್ದಿನಿಂದ ರೋಗ ಅಡಗಿ ಮಗು ಚೇತರಿಸಿಕೊಂಡಿರುವಾಗಲೂ ಈ ವಿಷದಂತಹ ಔಷಧವನ್ನು ಮುಂದುವರಿಸಿದರೆ ಪ್ರಯೋಜನವುಂಟೆ? ಅಥವಾ ಚೆನ್ನಾಗಿರುವ ಮಗುವನ್ನು ಸುಮ್ಮನೆ ಬಾಧಿಸಿದಂತಾಗುವುದೆ? ಎಮಿಲ್ ಫ್ರೈರೈಕ್ ಮತ್ತು ಅವರ ಸಂಗಡಿಗರು ಅಮೆರಿಕದ 11 ಆಸ್ಪತ್ರೆಗಳನ್ನು ಕೂಡಿಸಿ ಇದಕ್ಕೆ ಉತ್ತರ ಹುಡುಕಿದರು. ಒಂದೇ ಆಸ್ಪತ್ರೆಯ, ಒಂದೇ ಬಗೆಯಾಗಿ ಚೇತರಿಸಿಕೊಂಡ ಇಬ್ಬಿಬ್ಬರು ಮಕ್ಕಳನ್ನು ಜೋಡಿ ಮಾಡಿ, ಚೀಟಿಯ ಪ್ರಕಾರ ಒಂದು ಮಗುವಿಗೆ ಮರ್ಕ್ಯಾಪ್ಟೊಪ್ಯೂರಿನ್, ಇನ್ನೊಂದಕ್ಕೆ ಔಷಧವಿಲ್ಲದ ಹುಸಿ ಗುಳಿಗೆ ಕೊಟ್ಟರು. ಜೋಡಿಯಲ್ಲಿ ಯಾವ ಮಗು ಹೆಚ್ಚು ಕಾಲ ನೆಮ್ಮದಿಯಾಗಿತ್ತೆಂದು ಗುರುತು ಹಾಕುತ್ತ ಹೋದರು. ಒಂದು ಕಡೆಯ ಮೇಲುಗೈ ನಿಸ್ಸಂದೇಹವಾಗಿ ಕಂಡ ಕೂಡಲೆ ಪರೀಕ್ಷೆಯನ್ನು ನಿಲ್ಲಿಸಬೇಕೆಂಬ ನಿಯಮವನ್ನು ಮೊದಲೇ ಮಾಡಿಕೊಂಡಿದ್ದರು. ಅಗತ್ಯಕ್ಕಿಂತ ಒಂದು ಮಗುವನ್ನೂ ಹೆಚ್ಚಾಗಿ ಹುಸಿ ಗುಳಿಗೆಗೆ ಒಪ್ಪಿಸಬಾರದೆಂಬುದೇ ಅದರ ಉದ್ದೇಶ.

ಪರೀಕ್ಷೆ 21 ಜೋಡಿಗಳಿಗೆ ಮುಗಿಯಿತು. 18 ಜೋಡಿಗಳಲ್ಲಿ ಔಷಧ ಪಡೆದ ಮಗುವಿಗೆ ಮೇಲುಗೈ. 3ರಲ್ಲಿ ಹುಸಿ ಗುಳಿಗೆಯ ಮಗುವಿಗೆ. ಹುಸಿ ಗುಳಿಗೆಯ ಗುಂಪಿನಲ್ಲಿ ಅರ್ಧದಷ್ಟು ಮಕ್ಕಳಿಗೆ 8 ವಾರಗಳೊಳಗಾಗಿ ರೋಗ ಮರುಕಳಿಸಿತ್ತು. ಔಷಧದ ಗುಂಪಿನಲ್ಲಿ ಆ ಅವಧಿ 23 ವಾರಗಳಿಗೆ ಏರಿತು. 1963ರಲ್ಲಿ ಈ ವರದಿ ಅಚ್ಚಾಯಿತು. ರೋಗ ಕಣ್ಣಿಗೆ ಮರೆಯಾದ ಮೇಲೂ ಚಿಕಿತ್ಸೆಯನ್ನು ಬಿಡದೆ ನಡೆಸಬೇಕೆಂಬ ಇಂದಿನ ನಿಯಮಕ್ಕೆ ಈ ಪರೀಕ್ಷೆ ಗಟ್ಟಿಯಾದ ಆಧಾರವಾಯಿತು.

ಇಲ್ಲಿ ಕರುಳು ಕಲಕುವ ಒಂದು ಸಂಗತಿಯುಂಟು. ಆ 42 ಮಕ್ಕಳು ನೆಮ್ಮದಿಯಿಂದಿದ್ದ ವಾರಗಳ ಪಟ್ಟಿ ಸಂಖ್ಯಾಶಾಸ್ತ್ರಜ್ಞರ ಕೈ ಸೇರಿತು. 1972ರಲ್ಲಿ ಡೇವಿಡ್ ಕಾಕ್ಸ್ ಅವರು ತಮ್ಮ ಸುಪ್ರಸಿದ್ಧವಾದ ಗಣಿತ ವಿಧಾನವನ್ನು ವಿವರಿಸಲು ಬಳಸಿದ ಉದಾಹರಣೆ ಅದೇ ಪಟ್ಟಿ. ಇಂದಿಗೂ ಪಠ್ಯಪುಸ್ತಕಗಳಲ್ಲಿ ಅದು ಅಚ್ಚಾಗುತ್ತಿದೆ. ಒಂದು, ಒಂದು, ಎರಡು, ಎರಡು, ಮೂರು ಎಂದು ಏರುತ್ತ ಹೋಗುವ ಆ ಅಂಕೆಗಳನ್ನು ವಿದ್ಯಾರ್ಥಿಗಳು ಲೆಕ್ಕ ಮಾಡಿ ಮುಂದೆ ಸಾಗುತ್ತಾರೆ. ಒಂದೊಂದು ಅಂಕೆಯೂ ಒಂದು ಮನೆಯಲ್ಲಿ ಮಗು ಹಾಸಿಗೆಯಿಂದೆದ್ದು ಆಡಿಕೊಂಡಿದ್ದ ವಾರಗಳ ಎಣಿಕೆ. ಹೆಸರುಗಳು ಉಳಿಯಲಿಲ್ಲ, ವಾರಗಳು ಉಳಿದವು.

ನಾಲ್ಕು ಮದ್ದುಗಳ ಒಕ್ಕೂಟ

ಒಂದೊಂದೇ ಔಷಧದಿಂದ ರೋಗ ಅಡಗುತ್ತಿತ್ತೇ ಹೊರತು ಅಳಿಯುತ್ತಿರಲಿಲ್ಲ. ಕ್ಷಯಕ್ಕೆ ಹಲವು ಔಷಧಗಳನ್ನು ಒಟ್ಟಿಗೆ ಕೊಟ್ಟಾಗ ಗುಣವಾಗುತ್ತಿದ್ದುದನ್ನು ಕಂಡು, ಫ್ರೈರೈಕ್ ಮತ್ತು ಎಮಿಲ್ ಫ್ರೈ ಎಂಬವರು 1960ರ ದಶಕದ ಆರಂಭದಲ್ಲಿ ನಾಲ್ಕು ಔಷಧಗಳನ್ನು ಏಕಕಾಲದಲ್ಲಿ ಪ್ರಯೋಗಿಸುವ ಸಾಹಸಕ್ಕೆ ಇಳಿದರು. ಆ ನಾಲ್ಕರಲ್ಲಿ ಒಂದಾದ ವಿಂಕ್ರಿಸ್ಟಿನ್ ನಮ್ಮ ಮನೆಯಂಗಳಗಳಲ್ಲಿ ವರ್ಷವಿಡೀ ಅರಳುವ ನಿತ್ಯಪುಷ್ಪದ ಗಿಡದಿಂದ ಬಂದದ್ದು. ಕಾಶಿಕಣಗಿಲೆ ಎಂದೂ ಕರೆಯುವ ಈ ಗಿಡದ ಮೂಲ ಮಡಗಾಸ್ಕರ್ ದ್ವೀಪ. ಸಿಹಿಮೂತ್ರಕ್ಕೆ ಮದ್ದೆಂಬ ನಂಬಿಕೆಯ ಜಾಡು ಹಿಡಿದು ಇದರ ಎಲೆಗಳನ್ನು ಶೋಧಿಸಿದ ವಿಜ್ಞಾನಿಗಳಿಗೆ, ಅದು ಬಿಳಿಯ ರಕ್ತಕಣಗಳನ್ನು ತಗ್ಗಿಸುವುದು ಅನಿರೀಕ್ಷಿತವಾಗಿ ಕಂಡುಬಂದಿತ್ತು.

ನಾಲ್ಕು ವಿಷಗಳನ್ನು ಒಮ್ಮೆಗೇ ಕೊಡುವುದು ಕಟುಕತನವೆಂದು ಅಂದಿನ ಹಲವರು ಹಳಿದರು. ಮಕ್ಕಳು ಬಹಳ ಬಳಲಿದವು. ಆದರೆ ರೋಗ ಹಿಂದೆಂದಿಗಿಂತ ದೀರ್ಘಕಾಲ ದೂರ ಉಳಿಯಿತು. ಆಗ ಹೊಸದೊಂದು ಸಂಕಟ ತಲೆದೋರಿತು. ಮಜ್ಜೆಯಲ್ಲಿ ಮಾಯವಾದ ರೋಗ ಮಿದುಳಿನ ಸುತ್ತ ಕಾಣಿಸಿಕೊಂಡಿತು. ರಕ್ತದಿಂದ ಮಿದುಳಿಗೆ ಔಷಧ ಸುಲಭವಾಗಿ ದಾಟಲಾರದು. ಆ ಮರೆಯಲ್ಲಿ ರೋಗ ಅಡಗಿ ಕುಳಿತಿತ್ತು.

ಈ ಅಡಗುತಾಣದ ಮೇಲೆ ದಾಳಿ ಮಾಡಿದವರು ಡೊನಾಲ್ಡ್ ಪಿಂಕೆಲ್. 1962ರಲ್ಲಿ ಮೆಂಫಿಸ್ ನಗರದಲ್ಲಿ ತೆರೆದ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆಯ ಮೊದಲ ನಿರ್ದೇಶಕರು ಇವರು. ಬಹ್ವೌಷಧ ಚಿಕಿತ್ಸೆಯೊಡನೆ ತಲೆಗೆ ಕಿರಣ ಚಿಕಿತ್ಸೆಯನ್ನೂ ಬೆನ್ನುಹುರಿಯ ದ್ರವಕ್ಕೆ ನೇರವಾಗಿ ಔಷಧವನ್ನೂ ಕೊಟ್ಟು, ಅನಂತರ ಎರಡು ಮೂರು ವರ್ಷ ಗುಳಿಗೆಗಳನ್ನು ಮುಂದುವರಿಸುವ ‘ಪೂರ್ಣ ಚಿಕಿತ್ಸೆ’ಯ ಯೋಜನೆಯನ್ನು ಅವರು ಒಂದರ ಮೇಲೊಂದು ಪರೀಕ್ಷೆಯಿಂದ ತಿದ್ದುತ್ತ ಬಂದರು. 1960ರ ದಶಕದ ಕೊನೆಯಲ್ಲಿ ನಡೆದ ಐದನೆಯ ಪರೀಕ್ಷೆಯ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಗುಣಹೊಂದಿದರು. ಮಕ್ಕಳ ಲ್ಯುಕೇಮಿಯ ವಾಸಿಯಾಗಬಲ್ಲ ರೋಗವೆಂಬ ಮಾತು ಅಂದು ಮೊದಲ ಬಾರಿಗೆ ನಿಜವಾಯಿತು.

ಬಿಡುವುದನ್ನೂ ಕಲಿಸಿದ ಪರೀಕ್ಷೆ

ಬದುಕಿದ ಮಕ್ಕಳು ಬೆಳೆದರು. ಬೆಳೆದಂತೆಲ್ಲ ಚಿಕಿತ್ಸೆಯ ಬೆಲೆಯೂ ಗೋಚರಿಸಿತು. ತಲೆಗೆ ಕಿರಣ ಪಡೆದ ಮಕ್ಕಳಲ್ಲಿ ಕೆಲವರು ಪಾಠದಲ್ಲಿ ಹಿಂದೆ ಬಿದ್ದರು. ಕೆಲವರ ಬೆಳವಣಿಗೆ ಕುಂಠಿತವಾಯಿತು. ಕೆಲವರಿಗೆ ವರ್ಷಗಳ ಅನಂತರ ಮಿದುಳಿನಲ್ಲಿ ಗಡ್ಡೆ ಬೆಳೆಯಿತು. ಜೀವ ಉಳಿಸಿದ ಅಸ್ತ್ರವೇ ಜೀವನವನ್ನು ಗಾಯಗೊಳಿಸಿತ್ತು.

ಪ್ರಯೋಗವೆಂದರೆ ಯಾವಾಗಲೂ ಹೊಸ ಔಷಧವನ್ನು ಸೇರಿಸುವುದೆಂದು ಜನ ಭಾವಿಸುವುದುಂಟು. ಇರುವುದನ್ನು ಬಿಟ್ಟು ನೋಡುವುದೂ ಪ್ರಯೋಗವೇ. ಕಿರಣದ ಪ್ರಮಾಣವನ್ನು ಹಂತಹಂತವಾಗಿ ತಗ್ಗಿಸಿದ ಪರೀಕ್ಷೆಗಳ ಬಳಿಕ, ಅದೇ ಸೇಂಟ್ ಜೂಡ್ ಆಸ್ಪತ್ರೆಯವರು 2000ದಿಂದ 2007ರವರೆಗೆ 498 ಮಕ್ಕಳಿಗೆ ತಲೆಯ ಕಿರಣವನ್ನು ರೋಗ ನಿರೋಧಕ್ಕಾಗಿ ಕೊಡದೆಯೆ, ಔಷಧಗಳನ್ನು ಹೆಚ್ಚು ಜಾಣತನದಿಂದ ಹೊಂದಿಸಿ ಚಿಕಿತ್ಸೆ ನಡೆಸಿದರು. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ ಐದು ವರ್ಷಗಳ ಬಳಿಕ ಬದುಕಿದ್ದವರು ನೂರಕ್ಕೆ 93.5 ಮಂದಿ. ಕಿರಣವಿಲ್ಲದೆಯೂ ಗೆಲ್ಲಬಹುದೆಂದು ತಿಳಿದದ್ದು ಹೀಗೆ. ಒಬ್ಬ ವೈದ್ಯರು ಕೇವಲ ಕರುಣೆಯಿಂದ ತಮ್ಮಷ್ಟಕ್ಕೆ ತಾವೇ ಕಿರಣವನ್ನು ಬಿಟ್ಟಿದ್ದರೆ ಅದು ಜೂಜಾಗುತ್ತಿತ್ತು. ಲಿಖಿತ ಯೋಜನೆಯೊಡನೆ, ಎಲ್ಲರ ಕಣ್ಣೆದುರು ಬಿಟ್ಟಿದ್ದರಿಂದ ಅದು ವಿದ್ಯೆಯಾಯಿತು.

ಭಾರತದ ಅನುಭವ

ನಮ್ಮ ದೇಶದಲ್ಲಿ 1970ರ ದಶಕದವರೆಗೂ ಸ್ಥಿತಿ ಶೋಚನೀಯವಾಗಿತ್ತು. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಕೂಡ ದೀರ್ಘಕಾಲ ಉಳಿಯುವವರು ನೂರಕ್ಕೆ ಇಪ್ಪತ್ತಕ್ಕಿಂತ ಕಡಮೆ. ಪರದೇಶದ ಚಿಕಿತ್ಸೆಯನ್ನು ಹಾಗೆಯೇ ತಂದಿಳಿಸಿದರೆ ಫಲವಿಲ್ಲ. ಪುಷ್ಟಿಯಿಲ್ಲದ ದೇಹ ಔಷಧದ ಉಗ್ರತೆಯನ್ನು ತಾಳದು. ಸೋಂಕು ತಗುಲಿ ಮಗು ತೀರಿಹೋಗಬಹುದು. ಖರ್ಚಿಗೂ ದೂರದ ಪ್ರಯಾಣಕ್ಕೂ ಸೋತ ತಂದೆತಾಯಿಗಳು ನಡುವಿನಲ್ಲೇ ಚಿಕಿತ್ಸೆಯನ್ನು ಬಿಟ್ಟು ಊರಿಗೆ ಮರಳಬಹುದು.

1984ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ, ದೆಹಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆ, ಮದರಾಸಿನ ಅಡೆಯಾರಿನ ಕ್ಯಾನ್ಸರ್ ಸಂಸ್ಥೆ, ಈ ಮೂರೂ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಇಯಾನ್ ಮಗ್ರಾಥ್ ಅವರೊಡನೆ ಕಲೆತು ಒಂದೇ ಲಿಖಿತ ಯೋಜನೆಯಂತೆ ಚಿಕಿತ್ಸೆ ನಡೆಸಲು ತೊಡಗಿದವು. ಅದರ ಹೆಸರು ಎಂಸಿಪಿ-841. ಅಡೆಯಾರಿನ ಡಾ. ವಿ. ಶಾಂತಾ ಹಾಗೂ ಮುಂಬಯಿಯ ಡಾ. ಸುರೇಶ್ ಅಡ್ವಾಣಿ ಇದರ ಮುಂದಾಳುಗಳಲ್ಲಿ ಪ್ರಮುಖರು. ಅಡ್ವಾಣಿಯವರು ಬಾಲ್ಯದಲ್ಲಿ ಪೋಲಿಯೊ ತಗುಲಿ ಗಾಲಿಕುರ್ಚಿಯಲ್ಲಿ ಕುಳಿತೇ ಈ ಸೇವೆ ನಡೆಸಿದವರು. ಮೂರು ಕೇಂದ್ರಗಳಲ್ಲಿ ನಾಲ್ಕು ವರ್ಷಗಳ ಬಳಿಕವೂ ರೋಗ ಮರಳದೆ ಉಳಿದವರ ಪ್ರಮಾಣ ನೂರಕ್ಕೆ 45–60ರ ಮಟ್ಟಕ್ಕೆ ಏರಿತು. ಔಷಧಗಳೇನೂ ಬಹುಮಟ್ಟಿಗೆ ಹೊಸವಲ್ಲ. ಎಲ್ಲರೂ ಒಂದೇ ಕ್ರಮವನ್ನು ಬಿಡದೆ ಅನುಸರಿಸಿದ್ದು, ಪ್ರತಿ ಮಗುವಿನ ಲೆಕ್ಕವಿಟ್ಟದ್ದು, ಸೋಂಕಿನ ಆರೈಕೆಯನ್ನು ಉತ್ತಮಪಡಿಸಿದ್ದು, ಇವೇ ಆ ಏರಿಕೆಯ ಗುಟ್ಟು.

ಈಗ ಈ ಕೆಲಸ ಇನ್ನೂ ವಿಸ್ತಾರವಾಗಿದೆ. ದೇಶದ ಹಲವು ಕೇಂದ್ರಗಳು ಸೇರಿ ಕಟ್ಟಿಕೊಂಡ ಮಕ್ಕಳ ಲ್ಯುಕೇಮಿಯ ತಂಡವೊಂದು 2016ರಿಂದ ಚೀಟಿಯ ಕ್ರಮದ ಪರೀಕ್ಷೆಯೊಂದನ್ನು ಕೈಗೊಂಡಿತು. ಆರಂಭದ ಸ್ಟೆರಾಯ್ಡ್ ಔಷಧವನ್ನು ಕಡಮೆ ದಿನ ಕೊಟ್ಟರೆ ಮಕ್ಕಳಿಗೆ ಬಾಧೆ ತಗ್ಗುವುದೆ ಎಂಬುದು ಅದು ಕೇಳಿದ ಪ್ರಶ್ನೆಗಳಲ್ಲಿ ಒಂದು. ಸೋಂಕಿನ ಭಯ ಹೆಚ್ಚಾಗಿರುವ ನಮ್ಮಂತಹ ದೇಶ ತನಗಾಗಿ ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಕನ್ನಡ ನಾಡಿನಲ್ಲಿ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ದೂರದ ಜಿಲ್ಲೆಗಳಿಂದಲೂ ಇಂತಹ ಮಕ್ಕಳು ಬರುತ್ತವೆ. ಅಲ್ಲಿಯಾಗಲಿ ಜಗತ್ತಿನ ಬೇರೆಲ್ಲಿಯಾಗಲಿ, ಮೊದಲ ಉಗ್ರ ಚಿಕಿತ್ಸೆ ಮುಗಿದ ಮೇಲೆ ಮಗು ಎರಡು ವರ್ಷದಷ್ಟು ಕಾಲ ಮನೆಯಲ್ಲಿಯೇ ಗುಳಿಗೆ ನುಂಗಬೇಕು. ದಿನಕ್ಕೊಮ್ಮೆ ನುಂಗುವುದು ಎಲಿಯನ್ ಅವರ ಮರ್ಕ್ಯಾಪ್ಟೊಪ್ಯೂರಿನ್. ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಸುಬ್ಬರಾಯರ ಅಮಿನೋಪ್ಟೆರಿನ್ನಿನ ಒಡಹುಟ್ಟು. ಎಪ್ಪತ್ತು ವರ್ಷಗಳ ಮೇಲೂ ಅವೇ ಗುಳಿಗೆಗಳು. ಎಷ್ಟು, ಯಾವಾಗ, ಎಷ್ಟು ಕಾಲ ಕೊಡಬೇಕೆಂಬುದು ಮಾತ್ರ ಸಾವಿರಾರು ಮಕ್ಕಳಿಂದ ಕಲಿತ ಪಾಠ. ಮಗು ಚೆನ್ನಾಗಿ ಆಡಿಕೊಂಡಿದೆಯಲ್ಲ ಎಂದು ನಡುವೆ ಗುಳಿಗೆ ನಿಲ್ಲಿಸಹೊರಡುವ ಮನೆಯವರು ಆ 21 ಜೋಡಿಗಳ ಕಥೆಯನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಸಹಿ ಹಾಕುವ ಮುನ್ನ

ಹಾಗೆಂದು ವೈದ್ಯರು ಕೇಳಿದ ಕೂಡಲೆ ಕಣ್ಣುಮುಚ್ಚಿ ಸಹಿ ಹಾಕಬೇಕೆಂದು ಅರ್ಥವಲ್ಲ. ಎಲ್ಲ ಪರೀಕ್ಷೆಗಳೂ ಒಂದೇ ಬಗೆಯವಲ್ಲ. ಮೊದಲ ಹಂತದ ಪರೀಕ್ಷೆಯಲ್ಲಿ ಹೊಸ ಔಷಧವನ್ನು ಎಷ್ಟು ಪ್ರಮಾಣದಲ್ಲಿ ಕೊಡಬಹುದೆಂದು ನೋಡುತ್ತಾರೆ. ಇದಕ್ಕೆ ಸಾಮಾನ್ಯವಾಗಿ ಸೇರುವವರು ಬೇರೆಲ್ಲ ಚಿಕಿತ್ಸೆ ಸೋತ ಮಕ್ಕಳು. ಅಲ್ಲಿ ಆ ಮಗುವಿಗೇ ಲಾಭವಾಗುವ ಸಂಭವ ಕಡಮೆಯೆಂಬುದನ್ನು ಹೆತ್ತವರಿಗೆ ಸ್ಪಷ್ಟವಾಗಿ ತಿಳಿಸಬೇಕು. ಎರಡನೆಯ ಹಂತದಲ್ಲಿ ಔಷಧಕ್ಕೆ ಗುಣವುಂಟೆ ಎಂದು ನೋಡುತ್ತಾರೆ. ಮೂರನೆಯ ಹಂತದಲ್ಲಿ ಈಗಿರುವ ಅತ್ಯುತ್ತಮ ಚಿಕಿತ್ಸೆಗೂ ಹೊಸದಕ್ಕೂ ಹೋಲಿಕೆ. ಅಲ್ಲಿ ಯಾವ ಚೀಟಿ ಬಂದರೂ ಮಗುವಿಗೆ ರೂಢಿಯ ಒಳ್ಳೆಯ ಚಿಕಿತ್ಸೆ ತಪ್ಪುವಂತಿಲ್ಲ.

ಭಾರತದಲ್ಲಿ ಇಂತಹ ಪರೀಕ್ಷೆಗಳಿಗಾಗಿ 2007ರಲ್ಲಿ ಸಾರ್ವಜನಿಕ ದಾಖಲೆ ಪುಸ್ತಕವೊಂದು ಆರಂಭವಾಯಿತು. 2009ರಿಂದ ನೋಂದಣಿ ಕಡ್ಡಾಯವಾಯಿತು. 2019ರ ಹೊಸ ನಿಯಮಾವಳಿಯಂತೆ ಪ್ರತಿ ಪರೀಕ್ಷೆಗೂ ನೀತಿ ಸಮಿತಿಯ ಒಪ್ಪಿಗೆ ಬೇಕು. ಆ ಸಮಿತಿಯಲ್ಲಿ ವೈದ್ಯರಲ್ಲದೆ ಕಾನೂನು ಬಲ್ಲವರೂ ಸಾಮಾನ್ಯ ನಾಗರಿಕರೂ ಇರಬೇಕು. ಪರೀಕ್ಷೆಯಿಂದ ತೊಂದರೆಯಾದರೆ ಚಿಕಿತ್ಸೆ ಉಚಿತವಾಗಿ ಸಲ್ಲಬೇಕು. ತಾಯಿತಂದೆಗಳ ಒಪ್ಪಿಗೆಯಷ್ಟೇ ಸಾಲದು. ಏಳು ವರ್ಷ ತುಂಬಿದ ಮಗುವಿಗೆ ಅದರ ಮಾತಿನಲ್ಲೇ ವಿಷಯ ತಿಳಿಸಿ ಅದರ ಸಮ್ಮತಿಯನ್ನೂ ಕೇಳಬೇಕು.

ಮನೆಯವರು ಸಂಕೋಚವಿಲ್ಲದೆ ಕೇಳಬೇಕಾದ ಪ್ರಶ್ನೆಗಳು ಕೆಲವುಂಟು. ಇದು ಯಾವ ಹಂತದ ಪರೀಕ್ಷೆ? ಇದರಲ್ಲಿ ಸೇರದಿದ್ದರೆ ಮಗುವಿಗೆ ಯಾವ ಚಿಕಿತ್ಸೆ ಸಿಗುತ್ತದೆ? ಹೆಚ್ಚಿನ ಸೂಜಿ, ಹೆಚ್ಚಿನ ಪ್ರಯಾಣ, ಹೆಚ್ಚಿನ ಖರ್ಚು ಏನೇನು, ಅದನ್ನು ಭರಿಸುವವರಾರು? ನಡುವೆ ಬಿಡುವುದಾದರೆ ಚಿಕಿತ್ಸೆಗೆ ತೊಡಕಿಲ್ಲವಷ್ಟೆ? ಈ ಕಡೆಯ ಪ್ರಶ್ನೆಗೆ ನಿಯಮದ ಉತ್ತರ ನಿಸ್ಸಂಶಯವಾದದ್ದು. ಯಾವಾಗ ಬೇಕಾದರೂ ಹೊರಬರಬಹುದು; ಹಾಗೆ ಬಂದ ಕಾರಣಕ್ಕೆ ಆರೈಕೆಯಲ್ಲಿ ಭೇದ ಮಾಡುವಂತಿಲ್ಲ. ಅರ್ಥವಾಗದ ಕಾಗದವನ್ನು ಮನೆಗೆ ಒಯ್ದು, ಹಿರಿಯರೊಡನೆ ಓದಿ, ಮಾರನೆಯ ದಿನ ಮತ್ತೆ ಕೇಳುವುದು ಅವಿನಯವಲ್ಲ. ಒಪ್ಪದಿರುವುದೂ ತಪ್ಪಲ್ಲ.

ತೀರಿಸಲಾಗದ ಋಣ

2024ರ ಡಿಸೆಂಬರಿನಲ್ಲಿ ಅಮೆರಿಕ, ಕೆನಡ, ಆಸ್ಟ್ರೇಲಿಯ, ನ್ಯೂಜಿಲೆಂಡುಗಳ 1,440 ಮಕ್ಕಳ ಮೇಲಿನ ಪರೀಕ್ಷೆಯೊಂದರ ಫಲಿತಾಂಶ ಹೊರಬಂದಿತು. ರೂಢಿಯ ಚಿಕಿತ್ಸೆಯಷ್ಟನ್ನೇ ಪಡೆದವರಲ್ಲಿ ಮೂರು ವರ್ಷಗಳ ಬಳಿಕ ರೋಗವಿಲ್ಲದೆ ಉಳಿದವರು ನೂರಕ್ಕೆ 87.9, ಅದರೊಡನೆ ಬ್ಲಿನಟುಮೊಮ್ಯಾಬ್ ಎಂಬ ಹೊಸ ಔಷಧವನ್ನೂ ಪಡೆದವರಲ್ಲಿ ನೂರಕ್ಕೆ 96. ವ್ಯತ್ಯಾಸ ಸ್ಪಷ್ಟವಾದ ಕೂಡಲೆ ಚೀಟಿ ಎತ್ತುವುದನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು. 1963ರ ವರದಿಯ ನ್ಯಾಯವೇ ಇಲ್ಲಿಯೂ ನಡೆಯಿತು. ಆದರೆ ಈ ಔಷಧದ ಬೆಲೆ ನಮ್ಮಲ್ಲಿನ ಸಾಮಾನ್ಯ ಕುಟುಂಬದ ಕೈಗೆ ಎಟುಕುವಂತಹದಲ್ಲ. ವಿದ್ಯೆ ಸಿಕ್ಕಿದ ಮಾತ್ರಕ್ಕೆ ಮದ್ದು ಸಿಕ್ಕಂತಾಗದು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳು ಮತ್ತು ಹದಿಹರೆಯದವರು ಕ್ಯಾನ್ಸರಿಗೆ ತುತ್ತಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ ನೂರಕ್ಕೆ 60 ಮಂದಿಯನ್ನಾದರೂ ಉಳಿಸುವ ಗುರಿಯನ್ನು ಅದು 2030ಕ್ಕೆ ಇರಿಸಿಕೊಂಡಿದೆ. ಬಡ ದೇಶಗಳು ಇನ್ನೂ ನಡೆಯಬೇಕಾದ ದಾರಿ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

“ನಮ್ಮ ಕೂಸನ್ನು ಪ್ರಯೋಗಕ್ಕೆ ಒಡ್ಡುವುದೇ?” ಎಂಬ ಹೆತ್ತವರ ಪ್ರಶ್ನೆಗೆ ಈ ಚರಿತ್ರೆ ಕೊಡುವ ಉತ್ತರ ಇಷ್ಟು. ಇಂದು ಯಾವ ಆಸ್ಪತ್ರೆಯಲ್ಲಿಯೇ ಆಗಲಿ ಮಗುವಿಗೆ ದೊರೆಯುವ ‘ಖಚಿತವಾದ’ ಚಿಕಿತ್ಸೆಯ ಒಂದೊಂದು ಗುಳಿಗೆಯ ಹಿಂದೆಯೂ ಬೇರೊಂದು ಮಗುವಿನ ಮೇಲಿನ ಪರೀಕ್ಷೆಯಿದೆ. ಪರೀಕ್ಷೆಯನ್ನು ಒಲ್ಲೆನೆಂದವರ ಮಗುವೂ ಗುಣವಾಗುವುದು ಹಿಂದಿನ ಪರೀಕ್ಷೆಗಳ ಫಲದಿಂದಲೇ. ಬಾಸ್ಟನ್ನಿನ ಆ ಹದಿನಾರು ಮಕ್ಕಳಿಗೆ ತಮ್ಮಿಂದ ಲೋಕಕ್ಕೇನು ದೊರೆಯಿತೆಂದು ತಿಳಿಯಲಿಲ್ಲ. ಎಂಟು ವಾರ ಆಡಿ ಮತ್ತೆ ಹಾಸಿಗೆ ಸೇರಿದ ಮಕ್ಕಳಿಗೂ ತಿಳಿಯಲಿಲ್ಲ. ಅವರ ತಾಯಂದಿರು ಒಪ್ಪಿಗೆಯಿತ್ತು, ಬರಿಗೈಯಲ್ಲಿ ಮನೆಗೆ ಮರಳಿದರು. ಆ ತಾಯಂದಿರ ಋಣವನ್ನು ತೀರಿಸುವ ಬಗೆ ಯಾರಿಗೂ ತಿಳಿಯದು. ಅವರ ಮಕ್ಕಳಿಂದ ಕಲಿತದ್ದನ್ನು ಮರೆಯದೆ, ಕೈಗೆ ಬಂದ ಚಿಕಿತ್ಸೆಯನ್ನು ನಡುವೆ ಕೈಬಿಡದೆ ಪೂರ್ತಿಗೊಳಿಸಿದರೆ ಅಷ್ಟರ ಮಟ್ಟಿಗೆ ಅದನ್ನು ಮನ್ನಿಸಿದಂತಾಗುತ್ತದೆ.